ಬಾವಿಯೋ, ಭಾವಿಯೋ

ಮೂರು ವರ್ಷ ಮೂರು ತಿಂಗಳು ಒಂದು ಪುಸ್ತಕ ನನ್ನ ಕಪಾಟಿನಲ್ಲಿ ಸುಮ್ನೆ ನಿಂತಿತ್ತು. ಲೇಖಕರೇ ದುಡ್ಡು ಹಾಕಿ ಅಚ್ಚು ಹಾಕಿಸಿದ ತೆಳ್ಳನೆಯ ಪುಸ್ತಕ, 112 ಪುಟ. ಸ್ಪರ್ಧಾತ್ಮಕ ಪರೀಕ್ಷೆಯ ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡು ಅದರ ಬೆನ್ನು ಕೂಡ ಕಾಣುತ್ತಿರಲಿಲ್ಲ. ಈಚೆಗೆ ಓದಿದ ಕನ್ನಡ ಕಥೆಗಳಲ್ಲಿ ನನ್ನನ್ನು ಅಷ್ಟು ಗಟ್ಟಿಯಾಗಿ ಹಿಡಿದು ಕೂರಿಸಿದ್ದು ಇನ್ನೊಂದಿಲ್ಲ. ಅದು ನನ್ನ ಮನೆಯಲ್ಲೇ ಇತ್ತು. ನಾನೇ ದುಡ್ಡು ಕೊಟ್ಟು ತಂದಿದ್ದೆ. ಆದರೂ ನನಗೆ ಸಿಕ್ಕಿರಲಿಲ್ಲ. ಈ ಯೋಚನೆ ನನ್ನನ್ನು ಬಿಡುತ್ತಿಲ್ಲ. ಹಾಗಾದರೆ ಮನೆಗೇ ತರದೆ ಬಿಟ್ಟು ಬಂದವು ಎಷ್ಟಿರಬೇಕು?

ಅದನ್ನು ಕೊಂಡಿದ್ದು 2020ರ ಫೆಬ್ರುವರಿಯಲ್ಲಿ. ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆದ ಮೂರು ದಿನ. ಗುಲ್ಬರ್ಗ ವಿಶ್ವವಿದ್ಯಾಲಯದ ಆವರಣದಲ್ಲಿ ಪುಸ್ತಕ ಮಳಿಗೆಗಳ ಸಾಲು, ಕಾಲಿಟ್ಟಲ್ಲೆಲ್ಲ ಧೂಳು, ಊಟದ ಕಡೆ ಒಂದು ಜನಪ್ರವಾಹ, ಪುಸ್ತಕದ ಕಡೆ ಇನ್ನೊಂದು. ಸಾಲಿನ ಕೊನೆಯಲ್ಲಿ ಒಬ್ಬರು ಅರ್ಧ ಟೇಬಲ್ಲು ಹಿಡಿದು ನಿಂತಿದ್ದರು. ಉಳಿದರ್ಧದಲ್ಲಿ ಯಾರದೋ ಕವನ ಸಂಕಲನಗಳು. ಇವರ ಮುಂದೆ ಇದ್ದದ್ದು ಒಂದೇ ಪುಸ್ತಕದ ಮೂವತ್ತೋ ನಲವತ್ತೋ ಪ್ರತಿ. ಮುಖಪುಟದಲ್ಲಿ ಒಂದು ಬಾವಿ, ಅದರ ಮೇಲೆ ನೀಲಿ ಆಕಾಶ, ಎರಡು ಚಂದ್ರ. ಹಳದಿ ಅಕ್ಷರ. ಬಿಸಿಲಿಗೆ ಲ್ಯಾಮಿನೇಷನ್ ಮೂಲೆಯಲ್ಲಿ ಎದ್ದಿತ್ತು. "ನೋಡ್ರಿ ಸರ್, ನಮ್ಮ ಬೀದರ್ ಕಥೀನೇ ಅದ. ಆದ್ರ ಕಾಲ ಬ್ಯಾರೆ" ಅಂದರು.

ನಾನು ಮೊದಲ ಪುಟ ತೆರೆದೆ. ಮೂರನೇ ಸಾಲಿನಲ್ಲಿ 'ಬಾವಿ' ಅಂತ ಇತ್ತು. ಐದನೇ ಸಾಲಿನಲ್ಲಿ 'ಭಾವಿ' ಅಂತ ಇತ್ತು. ನಮ್ಮ ಕಡೆ ಬಾವಿಗೆ ಹೊಟ್ಟೆ ಸೀಳಿ ಭಾವಿ ಅಂತ ಬರೆಯುವವರು ಬಹಳ ಜನ. ಅಂಗಡಿ ಬೋರ್ಡಿನಲ್ಲಿ, ಊರಿನ ಹೆಸರಿನಲ್ಲಿ ಎಲ್ಲ ನೋಡಿದ್ದೇವೆ. ಒಂದೇ ಪುಟದಲ್ಲಿ ಎರಡೂ ಇದ್ದರೆ ಕರಡು ತಿದ್ದಿಲ್ಲ ಅಂತಲೇ ಅರ್ಥ, ಅಲ್ವಾ? ನನ್ನ ತೀರ್ಮಾನ ಅಲ್ಲೇ ಮುಗಿದಿತ್ತು. ಬೆಳಗಿನಿಂದ ನಿಂತಿದ್ದಾರಲ್ಲ ಅಂತ ನೂರು ರೂಪಾಯಿ ಕೊಟ್ಟೆ. ಇಪ್ಪತ್ತು ವಾಪಸ್ ಕೊಟ್ಟರು. ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ನೆಲದೊಳಗಿನ ದನಿ

ಓದಿದ್ದು 2023ರ ಮೇ ತಿಂಗಳಲ್ಲಿ. ಕಲಬುರಗಿಯ ಮೇ ತಿಂಗಳನ್ನು ನಾನು ವಿವರಿಸಬೇಕಿಲ್ಲ. ಮಧ್ಯಾಹ್ನ ಕರೆಂಟ್ ಹೋಗಿತ್ತು, ಫೋನಿನ ಚಾರ್ಜ್ ಮುಗಿದಿತ್ತು, ಕೈಗೆ ಸಿಕ್ಕ ಪುಸ್ತಕ ಅದು. ಶಹಾಬಾದ್ ಕಲ್ಲಿನ ನೆಲ ತಣ್ಣಗಿದ್ದ ಕಡೆ ಮಲಗಿ ಶುರು ಮಾಡಿದೆ.

ಕಥೆ ನಡೆಯುವುದು ಬೀದರಿನ ನೌಬಾದಿನ ಸುರಂಗ ಬಾವಿಯಲ್ಲಿ. ಕಾರೇಜ್ ಅಂತಾರಲ್ಲ, ಅದು. ಬಹಮನಿಗಳ ಕಾಲದಲ್ಲಿ ಪರ್ಷಿಯಾದಿಂದ ಬಂದ ವಿದ್ಯೆ. ಎತ್ತರದ ಕಡೆ ಒಂದು ತಾಯಿ ಬಾವಿ, ಅಲ್ಲಿಂದ ನೆಲದೊಳಗೇ ಕೊರೆದ ಸುರಂಗ, ಕಣ್ಣಿಗೆ ಗೊತ್ತಾಗದಷ್ಟು ಸಣ್ಣ ಇಳಿಜಾರು. ನೀರು ತನ್ನ ಪಾಡಿಗೆ ತಾನು ಹರಿದು ಬರುತ್ತದೆ. ಎತ್ತು ಬೇಡ, ಮೋಟಾರು ಬೇಡ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಕ್ಕೆ ಗಾಳಿಬಾವಿಗಳು, ಮಣ್ಣು ಎತ್ತಲಿಕ್ಕೆ, ಉಸಿರಾಡಲಿಕ್ಕೆ. ಈ ಲೇಖಕರು ಅದರ ಮೇಲೆ ಒಂದೇ ಒಂದು ಕಲ್ಪನೆ ಇಟ್ಟಿದ್ದಾರೆ. ಬೋರ್‌ವೆಲ್‌ಗಳೆಲ್ಲ ಒಣಗಿದ ಮೇಲೆ, ಮುಂದೆ ಎಂದೋ ಒಂದು ಕಾಲದಲ್ಲಿ, ಹೂಳು ತೆಗೆಯಲು ಒಬ್ಬಳು ಸುರಂಗಕ್ಕೆ ಇಳಿಯುತ್ತಾಳೆ. ಪ್ರತಿ ಗಾಳಿಬಾವಿಯ ಕೆಳಗೆ ನಿಂತಾಗಲೂ ಮೇಲಿನ ಜನರ ಮಾತು ಕೇಳಿಸುತ್ತದೆ. ಆದರೆ ಒಂದೊಂದು ಗಾಳಿಬಾವಿಯಿಂದ ಒಂದೊಂದು ವರ್ಷದ ಮಾತು. ನೀರು ಹರಿದ ಹಾಗೆ ಕಾಲವೂ ಮುಂದಕ್ಕೆ ಹರಿದಿದೆ. ಏಳನೆಯ ಗಾಳಿಬಾವಿಯ ಕೆಳಗೆ ಅವಳಿಗೆ ಮುದುಕಿಯೊಬ್ಬಳ ದನಿ ಕೇಳುತ್ತದೆ. ಕೊಡ ಖಾಲಿ ಅದ ಅಂತ ಬಯ್ಯುವ ದನಿ. ಅದು ಮನೆಯಲ್ಲಿ ಬಿಟ್ಟು ಬಂದ ತನ್ನ ಮೂರು ವರ್ಷದ ಮಗಳದ್ದು ಅಂತ ಅವಳಿಗೆ ಬಯ್ಗುಳದಿಂದಲೇ ಗೊತ್ತಾಗುತ್ತದೆ. ಅದು ತನ್ನದೇ ಬಯ್ಗುಳ.

ನಾನು ಎದ್ದು ಕೂತೆ. 'ಬಾವಿ'ಯೂ 'ಭಾವಿ'ಯೂ ಹಾಗೇ ಬಂದು ಹೋಗುತ್ತಿದ್ದವು. 48ನೇ ಪುಟದಲ್ಲಿ ಅವಳು ಹಗ್ಗ ಹಿಡಿದು ಮೇಲೆ ಹತ್ತುತ್ತಾಳೆ. ಒಂದು ಉದ್ದ ವಾಕ್ಯ. ಅದರ ಶುರುವಿನಲ್ಲಿ ಅವಳು ಕತ್ತಲಲ್ಲಿದ್ದಾಳೆ, ಅಲ್ಲಿ 'ಭಾವಿ' ಅಂತ ಇದೆ. ವಾಕ್ಯದ ಕೊನೆಗೆ ಅವಳ ತಲೆ ಬಿಸಿಲಿಗೆ ಬರುತ್ತದೆ, ಅಲ್ಲಿ 'ಬಾವಿ' ಅಂತ ಇದೆ. ಆಗ ತಟ್ಟನೆ ಹೊಳೆಯಿತು. ಇದು ಅಚ್ಚಿನ ತಪ್ಪಲ್ಲ. ಮೇಲಿನವರಿಗೆ ಅದು ಬಾವಿ. ಒಳಗೆ ಇಳಿದವರಿಗೆ ಅದು ಭಾವಿ, ಮುಂದೆ ಬರಲಿರುವುದು. ಇಡೀ ಪುಸ್ತಕದಲ್ಲಿ ಒಂದು ಕಡೆಯೂ ತಪ್ಪಿಲ್ಲ. ನಾನು ಹಿಂದೆ ಹೋಗಿ ಎಣಿಸಿದೆ. ಮೊದಲ ಪುಟದ ಐದನೇ ಸಾಲು ಕೂಡ ಕೆಳಗಿನಿಂದ ಬರುವ ದನಿ. ಸಮ್ಮೇಳನದಲ್ಲಿ ಆ ಸಾಲು ನೋಡಿಯೇ ನಾನು ಪುಸ್ತಕ ಮುಚ್ಚಿದ್ದೆ.

ಕೊನೆಯ ಪುಟದಲ್ಲಿದ್ದ ಫೋನ್ ನಂಬರು ಬಂದ್ ಆಗಿತ್ತು. ಎರಡನೇ ಪುಟದ ಕೆಳಗೆ ಮುದ್ರಣಾಲಯದ ಹೆಸರಿತ್ತು, ಅವರ ಮೂಲಕ ಲೇಖಕರು ಸಿಕ್ಕರು. ನಿವೃತ್ತಿ ಆದವರು, ಬೀದರಿನಲ್ಲೇ ಇದ್ದಾರೆ. 300 ಪ್ರತಿ ಹಾಕಿಸಿದ್ದರು. ಸುಮಾರು 90 ಹೋಗಿವೆ, ಅದರಲ್ಲಿ ಅರ್ಧ ಉಚಿತ. ಡಿಟಿಪಿ ಮಾಡುವ ಹುಡುಗ ಎರಡು ಸಲ ಎಲ್ಲ 'ಭಾವಿ'ಗಳನ್ನೂ ಒಳ್ಳೆಯ ಮನಸ್ಸಿನಿಂದ ತಿದ್ದಿಬಿಟ್ಟಿದ್ದನಂತೆ. ಎರಡು ಸಲವೂ ಇವರು ಕೂತು ಒಂದೊಂದಾಗಿ ವಾಪಸ್ ಹಾಕಿಸಿದ್ದಾರೆ. ಮುನ್ನುಡಿಯಲ್ಲಿ ಒಂದು ಮಾತು ಬರೆಯಬಹುದಿತ್ತಲ್ಲ ಅಂದೆ. "ಹೇಳಿಬಿಟ್ರ ಏನು ಉಳೀತದ್ರೀ?" ಅಂದರು. ಈಗ ಅವರು ಅದನ್ನು ಬೆಳೆಸಿ ಮತ್ತೆ ಬರೆಯುತ್ತಿದ್ದಾರೆ. ಹೊಸದು ಬರುವ ತನಕ ಪುಸ್ತಕದ ಹೆಸರು ಎಲ್ಲೂ ಬರೆಯಬೇಡಿ ಅಂತ ಕೇಳಿಕೊಂಡಿದ್ದಾರೆ, ಅದಕ್ಕೆ ಬರೆದಿಲ್ಲ.

ಮುನ್ನೂರರಲ್ಲಿ ಒಂದು

ನನ್ನ ತಪ್ಪನ್ನು ಬೇರೆಯವರು ಹೇಗೆ ತಪ್ಪಿಸಿಕೊಳ್ಳುತ್ತಾರೆ ಅಂತ ಹುಡುಕುತ್ತಾ ಹೋದೆ. ಇಂಗ್ಲಿಷಿನಲ್ಲಿ ಲೇಖಕರೇ ಪ್ರಕಟಿಸಿಕೊಳ್ಳುವ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಒಂದು ದೊಡ್ಡ ಲೋಕ. ಆ್ಯಂಡಿ ವಿಯರ್ 'ದಿ ಮಾರ್ಷಿಯನ್' ಕಾದಂಬರಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕುತ್ತಿದ್ದರು. ಓದುಗರು ಲೆಕ್ಕದ, ರಸಾಯನಶಾಸ್ತ್ರದ ತಪ್ಪುಗಳನ್ನು ತೋರಿಸುತ್ತಿದ್ದರು, ಇವರು ತಿದ್ದುತ್ತಿದ್ದರು. ಓದಲು ಸುಲಭ ಆಗಲಿ ಅಂತ ಓದುಗರು ಕೇಳಿದ ಮೇಲೆ 2011ರಲ್ಲಿ ಕಿಂಡಲ್‌ಗೆ ಹಾಕಿದರು, ಬೆಲೆ 99 ಸೆಂಟ್. ದೊಡ್ಡ ಪ್ರಕಾಶಕರು ಅದನ್ನು ತಂದದ್ದು 2014ರಲ್ಲಿ, ಸಿನಿಮಾ ಬಂದದ್ದು 2015ರಲ್ಲಿ. ಅದೇ 2011ರಲ್ಲಿ ಹ್ಯೂ ಹೌವಿ 'ವೂಲ್' ಅನ್ನುವ ಒಂದು ಚಿಕ್ಕ ಕಥೆ ಹಾಕಿದರು. ನೆಲದೊಳಗಿನ ಊರೊಂದರ ಕಥೆ. ಓದುಗರು ಮುಂದೇನು, ಮುಂದೇನು ಅಂದರು, ಅವರು ಬರೆಯುತ್ತಾ ಹೋದರು. 2012ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆ ಬಂದಾಗ ಅಚ್ಚಿನ ಹಕ್ಕು ಮಾತ್ರ ಕೊಟ್ಟು ಇ-ಪುಸ್ತಕದ ಹಕ್ಕು ತಮ್ಮ ಹತ್ತಿರವೇ ಇಟ್ಟುಕೊಂಡರು.

ಇವು ಎಲ್ಲರೂ ಹೇಳುವ ಗೆಲುವಿನ ಕಥೆಗಳು. ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಮಾರ್ಕ್ ಲಾರೆನ್ಸ್ ಅನ್ನುವ ಹೆಸರಾದ ಫ್ಯಾಂಟಸಿ ಲೇಖಕರು 2015ರಲ್ಲಿ ಒಂದು ಸ್ಪರ್ಧೆ ಶುರು ಮಾಡಿದರು. ಸೆಲ್ಫ್ ಪಬ್ಲಿಷ್ಡ್ ಫ್ಯಾಂಟಸಿ ಬ್ಲಾಗ್ ಆಫ್, ಚಿಕ್ಕದಾಗಿ ಎಸ್‌ಪಿಎಫ್‌ಬಿಒ. ಲೇಖಕರೇ ಪ್ರಕಟಿಸಿದ 300 ಪುಸ್ತಕ. ಪುಸ್ತಕ ವಿಮರ್ಶೆ ಬರೆಯುವ ಹತ್ತು ತಂಡ. ತಂಡಕ್ಕೆ ತಲಾ 30. ಪ್ರತಿ ತಂಡ ತನ್ನ ಮೂವತ್ತನ್ನು ಕೇರಿ, ಜೊಳ್ಳು ಹಾರಿಸಿ, ಒಂದನ್ನು ಉಳಿಸಬೇಕು. ಆಮೇಲೆ ಆ ಹತ್ತನ್ನೂ ಹತ್ತು ತಂಡಗಳೂ ಓದಿ ಹತ್ತಕ್ಕೆ ಅಂಕ ಕೊಡಬೇಕು. ಪ್ರವೇಶ ಶುಲ್ಕ ಇಲ್ಲ. ಬಹುಮಾನದ ಹಣವೂ ಇಲ್ಲ. ಗೆದ್ದವರಿಗೆ ಸಿಗುವುದು ಒಂದು ಸೆಲ್ಫಿ ಸ್ಟಿಕ್. ಅಂದರೆ ಯಾರಿಗೂ ಇದರಲ್ಲಿ ಲಾಭವಿಲ್ಲ, ಓದುವ ಕೆಲಸ ಮಾತ್ರ ಇದೆ. 2021ರಲ್ಲಿ ಇದೇ ಮಾದರಿಯಲ್ಲಿ ಸೈನ್ಸ್ ಫಿಕ್ಷನ್‌ಗೂ ಒಂದು ಸ್ಪರ್ಧೆ ಹುಟ್ಟಿತು. ಅದರ ಹಿಂದೆ ಇದ್ದವರಲ್ಲಿ ಅದೇ ಹ್ಯೂ ಹೌವಿ ಒಬ್ಬರು.

ಐದನೇ ಸಲ ಗೆದ್ದದ್ದು ಎಂ. ಎಲ್. ವಾಂಗ್ ಅವರ 'ದಿ ಸೋರ್ಡ್ ಆಫ್ ಕೈಗೆನ್'. ಕಥೆಯ ನಡುವೆ ಇರುವವಳು ಒಬ್ಬ ತಾಯಿ, ಮನೆ ನೋಡಿಕೊಂಡಿರುವ ಹೆಂಗಸು. ಹಿಂದೊಮ್ಮೆ ಕತ್ತಿ ಹಿಡಿದಿದ್ದವಳು. ಶುರು ಬಹಳ ನಿಧಾನ. ಮೊದಲ ಪುಟಗಳಲ್ಲೇ ಓಟ ಬೇಕು ಅನ್ನುವವರು ಇದನ್ನು ಬಿಟ್ಟುಬಿಡುತ್ತಾರೆ. ಬಿಡದೆ ಹಿಡಿದು ಕೂತವರು ಇದ್ದದ್ದರಿಂದ ಅದು ಗೆದ್ದಿತು.

ಆದರೆ ಆ ಸ್ಪರ್ಧೆಯಿಂದ ನನಗೆ ಸಿಕ್ಕ ಅತಿ ಪ್ರೀತಿಯ ಪುಸ್ತಕ ಗೆಲ್ಲದೇ ಹೋದದ್ದು. ಜೋಸಾಯಾ ಬ್ಯಾಂಕ್ರಾಫ್ಟ್ ಅವರ 'ಸೆನ್ಲಿನ್ ಅಸೆಂಡ್ಸ್'. ಒಬ್ಬ ಹೆಡ್‌ಮಾಸ್ಟರು ಹೊಸ ಹೆಂಡತಿಯನ್ನು ಕರೆದುಕೊಂಡು ಬೇಬಲ್ ಗೋಪುರ ನೋಡಲು ಬರುತ್ತಾನೆ. ಕೈಯಲ್ಲಿ ಗೈಡ್ ಪುಸ್ತಕ, ತಲೆಯಲ್ಲಿ ಎಲ್ಲ ಗೊತ್ತು ಅನ್ನುವ ಧೈರ್ಯ. ಗೋಪುರದ ಬುಡದ ಸಂತೆಯಲ್ಲಿ ಹೆಂಡತಿ ತಪ್ಪಿಸಿಕೊಂಡುಬಿಡುತ್ತಾಳೆ. ಅಷ್ಟೇ. ಇನ್ನು ಹುಡುಕಾಟ. ಅದನ್ನು ಓದುವಾಗ ನನಗೆ ಅಪ್ಪನ ಜಾತ್ರೆ ನೆನಪಾಯಿತು. ಶರಣಬಸವೇಶ್ವರರ ತೇರು ಎಳೆಯುವ ಹೊತ್ತು, ಬಾಳೆಹಣ್ಣು, ಉತ್ತತ್ತಿ ತಲೆಯ ಮೇಲೆ ಹಾರುತ್ತಿವೆ, ನಾನು ಆರು ವರ್ಷದವನು, ಅವ್ವನ ಸೆರಗು ಅಂತ ಹಿಡಿದದ್ದು ಬೇರೆ ಯಾರದೋ ಸೆರಗು. ಅವರು ತಿರುಗಿ ನೋಡಿದಾಗಿನ ಆ ಮುಖ, ಅವ್ವ ಅಲ್ಲದ ಮುಖ, ಇವತ್ತಿಗೂ ಕಣ್ಣ ಮುಂದೆ ಇದೆ. ಬ್ಯಾಂಕ್ರಾಫ್ಟ್ ಇದನ್ನು ಕಂಡವರ ಹಾಗೆ ಬರೆದಿದ್ದಾರೆ. ಮೊದಲು 2013ರಲ್ಲಿ ತಾವೇ ಪ್ರಕಟಿಸಿದ್ದರು. ಸ್ಪರ್ಧೆಯಲ್ಲಿ ಗೆಲ್ಲಲಿಲ್ಲ. ಆದರೆ ಲಾರೆನ್ಸ್ ಅದನ್ನು ಓದಿ, ಸಿಕ್ಕವರಿಗೆಲ್ಲ ಹೇಳಿದರು. 2018ರಲ್ಲಿ ಆರ್ಬಿಟ್ ಅನ್ನುವ ಪ್ರಕಾಶನದಿಂದ ಲೋಕಕ್ಕೆಲ್ಲ ಬಂತು. ಜರಡಿಯಿಂದ ಬಿದ್ದುಹೋದ ಕಾಳನ್ನು ಒಬ್ಬ ಓದುಗ ಬಗ್ಗಿ ಎತ್ತಿಕೊಂಡ. ಅದಕ್ಕೇ ನಾನು ಈಗ ಗೆದ್ದವರ ಪಟ್ಟಿಯನ್ನಷ್ಟೇ ನೋಡುವುದಿಲ್ಲ. ಕೊನೆಯ ಹತ್ತರಲ್ಲಿ ಕೆಳಗಿದ್ದವು ಯಾವುವು, ಯಾವ ಪುಸ್ತಕಕ್ಕೆ ಒಬ್ಬರು ಒಂಬತ್ತು ಕೊಟ್ಟು ಇನ್ನೊಬ್ಬರು ನಾಲ್ಕು ಕೊಟ್ಟಿದ್ದಾರೆ, ಅದನ್ನು ಹುಡುಕುತ್ತೇನೆ. ಎಲ್ಲರೂ ಏಳು ಕೊಟ್ಟ ಪುಸ್ತಕಕ್ಕಿಂತ ಜಗಳ ಹಚ್ಚಿದ ಪುಸ್ತಕ ನನಗೆ ಜಾಸ್ತಿ ಹಿಡಿಸಿದೆ.

ನಮ್ಮ ಕಪಾಟುಗಳು

ಕನ್ನಡದಲ್ಲಿ ಹೀಗೆ ಹುಡುಕುವುದು ಇನ್ನೂ ಕಷ್ಟ. ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಬರೆದ ರಾಜಶೇಖರ ಭೂಸನೂರಮಠರನ್ನು, ಮನು ಅವರನ್ನು ಓದಿ ಬೆಳೆದವರು ನಮ್ಮಲ್ಲಿ ಇದ್ದಾರೆ. ಆದರೆ ಅಂಗಡಿಗೆ ಹೋಗಿ ಕೇಳಿ ನೋಡಿ. ನಮ್ಮೂರಿನ ಒಂದು ಅಂಗಡಿಯಲ್ಲಿ ಸೈನ್ಸ್ ಫಿಕ್ಷನ್ ಇದೆಯಾ ಅಂದೆ. ಪಿಯುಸಿ ಸೈನ್ಸ್ ಗೈಡ್ ತೋರಿಸಿದರು. ಫ್ಯಾಂಟಸಿ ಅಂದೆ, ಮಕ್ಕಳ ಕಥೆಗಳ ಕಡೆ ಕೈ ಮಾಡಿದರು. ಅವರನ್ನು ಬಯ್ಯುವುದಿಲ್ಲ. ಕೆಎಎಸ್, ಪಿಡಿಒ, ಪೊಲೀಸ್ ಪರೀಕ್ಷೆಯ ಪುಸ್ತಕಗಳೇ ಅಂಗಡಿಯ ಬಾಡಿಗೆ ಕಟ್ಟುತ್ತವೆ. ಲೇಖಕ ತಾನೇ ಹಾಕಿಸಿದ ಪುಸ್ತಕ ತಂದು ಇಟ್ಟರೆ ಅದನ್ನು ಯಾವ ಕಪಾಟಿಗೆ ಹಾಕುವುದು ಅಂತಲೂ ತಿಳಿಯದೆ ಕೌಂಟರಿನ ಕೆಳಗೆ ಹಾಕುತ್ತಾರೆ. ಹೆಂಡತಿಯ ಹೆಸರಿನಲ್ಲಿ, ಮನೆದೇವರ ಹೆಸರಿನಲ್ಲಿ ಪ್ರಕಾಶನ. ಆ ಪ್ರಕಾಶನದ ಮೊದಲ ಪುಸ್ತಕವೂ ಅದೇ, ಕೊನೆಯದೂ ಅದೇ.

ಇ-ಪುಸ್ತಕದ ದಾರಿಯೂ ನಮಗೆ ತಡವಾಗಿ ತೆರೆಯಿತು. 2016ರ ಕೊನೆಗೆ ಕಿಂಡಲ್‌ಗೆ ಭಾರತದ ಐದು ಭಾಷೆಗಳು ಬಂದವು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಅದರಲ್ಲಿ ಇರಲಿಲ್ಲ. ಒಬ್ಬ ತಮಿಳು ಹುಡುಗ ರಾತ್ರಿ ಬರೆದದ್ದನ್ನು ಬೆಳಿಗ್ಗೆ ಮಾರಬಹುದಾಗಿದ್ದ ಹೊತ್ತಿನಲ್ಲಿ ನಮ್ಮವರು ಡಿಟಿಪಿ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ಯಾರು ಬೇಕಾದರೂ ಕಥೆ ಹಾಕಬಹುದಾದ ಪ್ರತಿಲಿಪಿ ಆ್ಯಪ್‌ನಲ್ಲಿ ಕನ್ನಡ ಕಥೆಗಳು ಬೇಕಾದಷ್ಟಿವೆ, ಮೈಲ್ಯಾಂಗ್ ಬಂದ ಮೇಲೆ ಕನ್ನಡ ಇ-ಪುಸ್ತಕಕ್ಕೆ ಒಂದು ಮನೆ ಆಗಿದೆ. ಇದು ನಿಜಕ್ಕೂ ದೊಡ್ಡ ಸಂಗತಿ. ಆದರೂ ಪುಸ್ತಕ ಸಿಗುವುದೇ ಬೇರೆ, ಒಳ್ಳೆಯದು ಯಾವುದು ಅಂತ ತಿಳಿಯುವುದೇ ಬೇರೆ. ರಾಶಿ ದೊಡ್ಡದಾದಷ್ಟೂ ಎರಡನೆಯದು ಕಷ್ಟವಾಗುತ್ತದೆ. ಯಂತ್ರದಿಂದ ಬರೆಸಿದ ಪುಸ್ತಕಗಳು ಎಷ್ಟು ಬರತೊಡಗಿದವು ಅಂದರೆ, 2023ರ ಸೆಪ್ಟೆಂಬರಿನಲ್ಲಿ ಅಮೆಜಾನ್ ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಪುಸ್ತಕ ಹಾಕುವಂತಿಲ್ಲ ಅಂತ ಮಿತಿ ಇಟ್ಟಿತು. ದಿನಕ್ಕೆ ಮೂರು! ಬೀದರಿನ ಆ ಹಿರಿಯರು ಒಂದಕ್ಕೆ ಒಂಬತ್ತು ವರ್ಷ ಕೊಟ್ಟಿದ್ದಾರೆ.

ಐದು ಜನ

ಈಗ ನಾವು ಐದು ಜನ ಇದ್ದೇವೆ. ಕಲಬುರಗಿಯಲ್ಲಿ ಇಬ್ಬರು, ಸೇಡಂನಲ್ಲಿ ಒಬ್ಬ, ಹುಮನಾಬಾದಿನಲ್ಲಿ ಒಬ್ಬ, ಯಾದಗಿರಿಯಲ್ಲಿ ಒಬ್ಬರು ಕನ್ನಡ ಟೀಚರ್. ಸಿಕ್ಕ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಒಬ್ಬರು ಕನಿಷ್ಠ ಮೂವತ್ತು ಪುಟ ಓದಬೇಕು. ಮೂವತ್ತರಲ್ಲಿ ಬಿಟ್ಟರೆ ಯಾಕೆ ಬಿಟ್ಟೆ ಅಂತ ಒಂದು ಸಾಲು ಬರೆಯಬೇಕು. 'ಬೋರ್' ಅಂತ ಬರೆಯುವ ಹಾಗಿಲ್ಲ, ಎಲ್ಲಿ ಬೋರಾಯಿತು ಅಂತ ಪುಟದ ಸಂಖ್ಯೆ ಹಾಕಬೇಕು. ಇನ್ನೊಂದು, ಮುಂದಿನವರು ಓದುವ ತನಕ ಬಾಯಿ ಬಿಡುವ ಹಾಗಿಲ್ಲ.

ಒಂದೂವರೆ ವರ್ಷದಲ್ಲಿ ಇಂಗ್ಲಿಷ್, ಕನ್ನಡ ಸೇರಿ 41 ಪುಸ್ತಕ ಹೀಗೆ ಸುತ್ತಿವೆ. 29ನ್ನು ಎಲ್ಲರೂ ಮೂವತ್ತರ ಆಸುಪಾಸಿನಲ್ಲೇ ಬಿಟ್ಟರು. ಸತ್ಯ ಹೇಳಬೇಕು, ಬಹುಪಾಲು ಪುಸ್ತಕಗಳು ಬಿಡಲು ಯೋಗ್ಯವೇ. ಭವಿಷ್ಯದ ಊರು ಅಂತ ಹೇಳಿ ಬೆಂಗಳೂರಿನ ಟ್ರಾಫಿಕ್ಕಿಗೆ ರೆಕ್ಕೆ ಕಟ್ಟಿದ್ದು ಎಷ್ಟೋ. ರಾಜಕುಮಾರಿಯ ಕಣ್ಣಿನ ಬಣ್ಣಕ್ಕೆ ಒಂದು ಪುಟ ಕೊಟ್ಟು ಅವಳ ಊಟದ ಬಗ್ಗೆ ಒಂದು ಸಾಲೂ ಬರೆಯದವು ಎಷ್ಟೋ. ನನಗೆ ಈಗ ಊಟದ ಮೇಲೆ ಕಣ್ಣು. ಬೇರೆ ಲೋಕ ಕಟ್ಟಿದವರು ಅಲ್ಲಿನ ಜನ ಏನು ತಿನ್ನುತ್ತಾರೆ, ಅದನ್ನು ಯಾರು ಬೆಳೆಯುತ್ತಾರೆ, ಪಾತ್ರೆ ಯಾರು ತೊಳೆಯುತ್ತಾರೆ ಅಂತ ಯೋಚಿಸಿದ್ದರೆ ಸಾಕು, ಉಳಿದದ್ದನ್ನು ನಂಬಬಹುದು. ನೌಬಾದಿನ ಕಥೆಯಲ್ಲಿ ಅವಳು ಸುರಂಗಕ್ಕೆ ಇಳಿಯುವಾಗ ಸೊಂಟಕ್ಕೆ ಎರಡು ಖಟಕ ರೊಟ್ಟಿ, ಒಂದು ಚಿಟಿಕೆ ಪುಂಡಿಪಲ್ಯ ಕಟ್ಟಿಕೊಂಡಿರುತ್ತಾಳೆ. ಒಳಗಿನ ಹಸಿಗೆ ರೊಟ್ಟಿ ಮೆತ್ತಗಾಗುತ್ತದೆ. ಎಷ್ಟು ಮೆತ್ತಗಾಯಿತು ಅನ್ನುವುದರಿಂದ ತಾನು ಇಳಿದು ಎಷ್ಟು ಹೊತ್ತಾಯಿತು ಅಂತ ಅವಳು ಲೆಕ್ಕ ಹಾಕುತ್ತಾಳೆ. ಕಾಲ ಕೆಟ್ಟ ಜಾಗದಲ್ಲಿ ರೊಟ್ಟಿಯೇ ಗಡಿಯಾರ. ಇದು ಕೂತು ಯೋಚಿಸಿದವರಿಗೆ ಬರುವ ವಿಚಾರ.

ಇನ್ನೊಂದು ಅಭ್ಯಾಸ ಸೇಡಂನ ಗೆಳೆಯ ಕಲಿಸಿದ್ದು. ಅವನು ಮೊದಲ ಪುಟ ನೋಡುವುದೇ ಇಲ್ಲ. ಮೊದಲ ಪುಟವನ್ನು ಎಲ್ಲರೂ ಇಪ್ಪತ್ತು ಸಲ ಉಜ್ಜಿರುತ್ತಾರೆ, ಅಲ್ಲಿ ಏನೂ ಗೊತ್ತಾಗುವುದಿಲ್ಲ ಅನ್ನುತ್ತಾನೆ. ನಡುವಿನ ಒಂದು ಪುಟ ತೆರೆದು, ಇಬ್ಬರು ಮಾತಾಡುತ್ತಿರುವ ಜಾಗ ಹುಡುಕುತ್ತಾನೆ. ಹೆಸರು ಮುಚ್ಚಿದರೂ ಯಾವ ಮಾತು ಯಾರದ್ದು ಅಂತ ತಿಳಿದರೆ ಮನೆಗೆ ತರುತ್ತಾನೆ. ಇ-ಪುಸ್ತಕದ ಸ್ಯಾಂಪಲ್‌ನಲ್ಲಿ ಶುರುವಿನ ಪುಟಗಳೇ ಸಿಗುವುದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಅಂಥ ಕಡೆ ನಾನು ಮೂರು ಸ್ಟಾರ್ ಕೊಟ್ಟವರ ಮಾತು ಓದುತ್ತೇನೆ. ಐದು ಕೊಟ್ಟವರು ಗೆಳೆಯರಿರಬಹುದು, ಒಂದು ಕೊಟ್ಟವರಿಗೆ ಕೋಪ ಇರಬಹುದು. ಮೂರು ಕೊಟ್ಟವರು ಸಾಮಾನ್ಯವಾಗಿ ಪುಸ್ತಕ ಪೂರ್ತಿ ಓದಿರುತ್ತಾರೆ. ಅವರು ದೂರಿದ ಸಂಗತಿ ನನಗೆ ಇಷ್ಟವಾಗುವಂಥದ್ದೇ ಆಗಿದ್ದರೆ, ಅದೇ ನನ್ನ ಪುಸ್ತಕ.

ಕಳೆದ ತಿಂಗಳು ನೌಬಾದಿನ ಪುಸ್ತಕವನ್ನು ಯಾದಗಿರಿಗೆ ಕಳಿಸಿದೆ. ದಿನಾ ವಾಡಿ ಮೇಲೆ ರೈಲಿನಲ್ಲಿ ಓಡಾಡುವ ಒಬ್ಬರ ಕೈಯಲ್ಲಿ ಕೊಟ್ಟೆ. ಏನೂ ಹೇಳಲಿಲ್ಲ. ಟೀಚರ್ ಕೈಯಲ್ಲಿ ಯಾವಾಗಲೂ ಪೆನ್ಸಿಲ್ ಇರುತ್ತದೆ, ಮದುವೆ ಕಾರ್ಡನ್ನೂ ತಿದ್ದುವವರು. ಎರಡು ವಾರ ಅವರ ಕಡೆಯಿಂದ ಸುದ್ದಿ ಇರಲಿಲ್ಲ. ಆ ಒಂದು ಸಾಲಿನ ಚೀಟಿಯೂ ಬರಲಿಲ್ಲ. ಬಿಟ್ಟುಬಿಟ್ಟರೇನೋ ಅಂದುಕೊಂಡೆ. ಮೊನ್ನೆ ಪುಸ್ತಕ ವಾಪಸ್ ಬಂತು. ರೈಲ್ವೆ ಸ್ಟೇಷನ್ನಿನ ಹೊರಗೆ ಚಹಾ ಅಂಗಡಿಯ ಬೆಳಕಿನಲ್ಲಿ ನಿಂತು ತೆರೆದೆ. ಮೊದಲ ಪುಟದ ಐದನೇ ಸಾಲಿನಲ್ಲಿ 'ಭ'ದ ಸುತ್ತ ಪೆನ್ಸಿಲಿನ ಒಂದು ಸೊನ್ನೆ ಇದ್ದ ಗುರುತು. ಅದನ್ನು ರಬ್ಬರಿನಿಂದ ಉಜ್ಜಿ ಅಳಿಸಿದ್ದರು, ಕಾಗದ ಅಲ್ಲಿ ಸ್ವಲ್ಪ ಎದ್ದಿತ್ತು. ಹಾಳೆ ತಿರುವಿದೆ. ಏಳನೇ ಪುಟದಲ್ಲಿ ಹಾಗೇ, ಹನ್ನೆರಡರಲ್ಲಿ ಹಾಗೇ, ಮೂವತ್ತೊಂದರಲ್ಲಿ ಒಂದೇ ಪುಟಕ್ಕೆ ನಾಲ್ಕು ಕಡೆ ಹಾಗೇ, ಹಾಕಿ ಅಳಿಸಿದ ಬೂದು ಗುರುತು. 48ನೇ ಪುಟದ ತನಕ. ಅಲ್ಲಿಂದ ಮುಂದೆ ಪುಟಗಳು ಚೊಕ್ಕವಾಗಿದ್ದವು.